ರಾಯಚೂರಿನ ಬೇಸಿಗೆಗೆ ಒಂದು ಥಂಡಾ ಫ್ರಿಜ್: ನಾಲ್ಕೂವರೆ ತಿಂಗಳ ಲೆಕ್ಕ

ನಮ್ಮದು ರಾಯಚೂರಿನಲ್ಲಿ ಒಂದು ಕಿರಾಣಿ ಅಂಗಡಿ. 11 ಅಡಿ ಅಗಲ, 15 ಅಡಿ ಉದ್ದ, ಬಾಗಿಲು ಪಶ್ಚಿಮಕ್ಕೆ. ಬೇಳೆ, ಎಣ್ಣೆ, ಸೋಪು ವರ್ಷವಿಡೀ ಹೋಗುತ್ತವೆ. ಆದರೆ ಫೆಬ್ರವರಿ ಮುಗಿಯುತ್ತಿದ್ದ ಹಾಗೆ ಬಾಗಿಲಲ್ಲಿ ಒಂದೇ ಪ್ರಶ್ನೆ: "ಥಂಡಾ ನೀರ್ ಐತೇನ್ರೀ?" ಇಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಅಲ್ಲೇ ಸಕ್ಕರೆ, ಚಹಾಪುಡಿಯನ್ನೂ ಕಟ್ಟಿಸಿಕೊಳ್ಳುತ್ತಾರೆ. 2025ರ ಬೇಸಿಗೆಗೆ ನಾನು ಫ್ರಿಜ್ ತಂದ ಕಥೆ, ಅದರಲ್ಲಿ ಮಾಡಿಕೊಂಡ ಎಡವಟ್ಟು, ಸುರಿದ ದುಡ್ಡು ಎಲ್ಲವನ್ನೂ ಅಂಗಡಿಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟಿದ್ದೆ. ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಜನವರಿ 27

ಕಂಪನಿಯವರು ಬಂದು ಅವರ ಫ್ರಿಜ್ ಎತ್ತಿಕೊಂಡು ಹೋದರು. ಮೂರು ವರ್ಷದಿಂದ ಇದ್ದದ್ದು ಕೂಲ್ ಡ್ರಿಂಕ್ಸ್ ಕಂಪನಿಯೊಂದು ಕೊಟ್ಟ ಗಾಜಿನ ಬಾಗಿಲಿನ ಫ್ರಿಜ್. ಡೆಪಾಸಿಟ್ ಕಟ್ಟಿದ್ದೆವು, ಬಾಡಿಗೆ ಇಲ್ಲ. ಷರತ್ತು ಒಂದೇ, ಒಳಗೆ ಅವರ ಮಾಲು ಮಾತ್ರ ಇರಬೇಕು. ನಾವು ಕೆಳಗಿನ ಎರಡು ಹಲಗೆಯಲ್ಲಿ ಮಜ್ಜಿಗೆ ಪ್ಯಾಕೆಟ್ಟು, ಬೇರೆ ಕಂಪನಿಯ ನೀರು ಇಡುತ್ತಿದ್ದೆವು. ಎರಡು ಸಲ ಎಚ್ಚರಿಕೆ ಕೊಟ್ಟರು. ಮೂರನೇ ಸಲ ಗಾಡಿಯನ್ನೇ ತಂದರು. ತಪ್ಪು ನಮ್ಮದೇ ಅನ್ನಿ, ಕಾಗದಕ್ಕೆ ಸಹಿ ಮಾಡಿದ್ದೆವು. ಆದರೆ ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ವ್ಯಾಪಾರ ನೀರು ಮತ್ತು ಮಜ್ಜಿಗೆಯದ್ದು. ಅವನ್ನು ಹೊರಗೆ ಬಿಸಿಲಿಗಿಟ್ಟು ಫ್ರಿಜ್ ತುಂಬ ಅವರ ಬಾಟಲಿ ಇಟ್ಟುಕೊಂಡು ಏನು ಮಾಡುವುದು?

ಬಾಗಿಲ ಪಕ್ಕ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ ಉಳಿಯಿತು.

ಫೆಬ್ರವರಿ 4

ಮೊದಲನೇ ಎಡವಟ್ಟು. ಮುಚ್ಚಿಹೋದ ಬಾರ್ ಒಂದರ ಸಾಮಾನು ಮಾರುತ್ತಿದ್ದಾರೆ ಅಂತ ಗೊತ್ತಾಯಿತು. ಅಲ್ಲಿ ಮೂರು ಬಾಗಿಲಿನ ಗಿಡ್ಡ ಫ್ರಿಜ್ ಇತ್ತು, ಬಾರ್ ಕೌಂಟರಿನ ಕೆಳಗೆ ಇಡುವಂಥದ್ದು. ಎತ್ತರ 90 ಸೆಂಟಿಮೀಟರ್, ಉದ್ದ ನಾಲ್ಕೂವರೆ ಅಡಿ. 14,000 ಹೇಳಿದರು, 9,000ಕ್ಕೆ ಇಳಿಸಿದೆ. ಗೂಡ್ಸ್ ಆಟೋಗೆ 700. ಗೆದ್ದೆ ಅಂದುಕೊಂಡೆ.

ಅಂಗಡಿಗೆ ತಂದು ಹಚ್ಚಿ ನೋಡಿದರೆ ತಣ್ಣಗಾಗುವುದೇ ಇಲ್ಲ. ಮೆಕ್ಯಾನಿಕ್ ಬಂದ, ಗ್ಯಾಸಿನ ಒತ್ತಡ ನೋಡುವ ಗೇಜ್ ಹಚ್ಚಿದ, "ಗ್ಯಾಸ್ ಕಡಿಮಿ ಆಗೈತಿ" ಅಂದ, ಆರ್-134ಎ ಅನ್ನುವ ಫ್ರಿಜ್ ಗ್ಯಾಸ್ ತುಂಬಿದ, 2,600 ತೆಗೆದುಕೊಂಡ. ಎರಡು ತಾಸಿನಲ್ಲಿ ಬಾಟಲಿ ಬೆವರತೊಡಗಿತು. ಖುಷಿಯೋ ಖುಷಿ.

ಆದರೂ ವ್ಯಾಪಾರ ಆಗಲಿಲ್ಲ. ಬಾರಿನಲ್ಲಿ ಈ ಗಿಡ್ಡ ಫ್ರಿಜ್ ಸರಿ. ಅಲ್ಲಿ ಗಿರಾಕಿ ಬಾಯಿಬಿಟ್ಟು ಹೇಳುತ್ತಾನೆ, ಕೊಡುವ ಹುಡುಗ ಬಗ್ಗಿ ತೆಗೆಯುತ್ತಾನೆ. ನಮ್ಮಂಥ ಅಂಗಡಿಯಲ್ಲಿ ರಸ್ತೆಯಲ್ಲಿ ಹೋಗುವವನ ಕಣ್ಣಿಗೆ ಬಾಟಲಿ ಬೀಳಬೇಕು. ಕೌಂಟರಿನ ಹಿಂದೆ, ಮೊಣಕಾಲೆತ್ತರದಲ್ಲಿ ಇಟ್ಟರೆ ದೇವರಿಗೂ ಕಾಣುವುದಿಲ್ಲ. ಮೇಲಾಗಿ ಎಷ್ಟು ತೊಳೆದರೂ ಒಳಗಿನ ಬಿಯರ್ ವಾಸನೆ ಹೋಗಲಿಲ್ಲ. ಅಡುಗೆ ಸೋಡಾ ಹಚ್ಚಿ ಒರೆಸಿದೆವು, ನಿಂಬೆಹಣ್ಣು ಕೊಯ್ದು ಇಟ್ಟೆವು. ಮಜ್ಜಿಗೆ ಕೊಂಡ ಅಜ್ಜಿಯೊಬ್ಬರು ಪ್ಯಾಕೆಟ್ ಮೂಸಿ ನನ್ನ ಮುಖ ನೋಡಿದರು.

ಫೆಬ್ರವರಿ 15

ಹನ್ನೊಂದೇ ದಿನ. ಮತ್ತೆ ತಣ್ಣಗಿಲ್ಲ. ಈ ಸಲ ಬೇರೆ ಮೆಕ್ಯಾನಿಕ್ ಭಾಯಿಯನ್ನು ಕರೆದೆ. ಅವರು ಗೇಜ್ ಮುಟ್ಟುವ ಮೊದಲೇ ಟಾರ್ಚ್ ಹಿಡಿದು ಪೈಪಿನ ಬೆಸುಗೆಗಳನ್ನು ಒಂದೊಂದಾಗಿ ನೋಡಿದರು. ಒಂದು ಕಡೆ ಎಣ್ಣೆಯ ಕಲೆ, ಅದರ ಮೇಲೆ ಧೂಳು ಕೂತಿತ್ತು. ಸೋಪಿನ ನೊರೆ ಹಚ್ಚಿದರೆ ಸಣ್ಣಗೆ ಗುಳ್ಳೆ ಎದ್ದಿತು. "ಗ್ಯಾಸ್ ಏನು ಪೆಟ್ರೋಲಾ, ಉರಿದು ಮುಗಿಯೋದಕ್ಕೆ? ಕಡಿಮೆ ಆಯ್ತು ಅಂದ್ರೆ ಎಲ್ಲೋ ಸೋರ್ತದೆ ಅಂತಲೇ ಅರ್ಥ" ಅಂದರು. ಮೊದಲು ಬಂದವನು ಸೋರಿಕೆ ಹುಡುಕದೆ, ಫಿಲ್ಟರ್ ಬದಲಿಸದೆ, ಸುಮ್ನೆ ಗ್ಯಾಸ್ ತುಂಬಿ ಹೋಗಿದ್ದ. ಕೇಳಬೇಕಾದದ್ದು ನಾನು ಕೇಳಿರಲಿಲ್ಲ. ಭಾಯಿ ನೋಡಿದ್ದಕ್ಕೆ 300 ತೆಗೆದುಕೊಂಡರು. ಒಳಗಿನ ಪೈಪಿನ ಸುರುಳಿಯನ್ನೂ ತುಕ್ಕು ತಿಂದಿದೆ, ಇದಕ್ಕೆ ದುಡ್ಡು ಹಾಕಬೇಡ ಅಂದರು.

ಗುಜರಿಗೆ 4,500ಕ್ಕೆ ಕೊಟ್ಟೆ. ಹೋದದ್ದು 12,600, ಬಂದದ್ದು 4,500. ನಷ್ಟ 8,100. ಅಪ್ಪ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಫೆಬ್ರವರಿ 17ರಿಂದ 20

ಈ ಸಲ ಮೊದಲು ಅಳತೆ, ಆಮೇಲೆ ದುಡ್ಡು. ಕಳೆದ ವರ್ಷದ ಏಪ್ರಿಲ್ ತಿಂಗಳ ಲೆಕ್ಕ ತೆಗೆದೆ. ಜೋರು ದಿನಗಳಲ್ಲಿ ಒಂದು ಲೀಟರಿನ ನೀರು 60, ಅರ್ಧ ಲೀಟರಿನದು 40, ಚಿಕ್ಕ ಕೂಲ್ ಡ್ರಿಂಕ್ಸ್ ಬಾಟಲಿ 100ರ ಆಸುಪಾಸು, ಮಜ್ಜಿಗೆ ಮತ್ತು ಲಸ್ಸಿ 60 ಪ್ಯಾಕೆಟ್. ಕೂಡಿಸಿದರೆ ದಿನಕ್ಕೆ ಸುಮಾರು 120 ಲೀಟರ್ ಪಾನೀಯ.

ಹಾಗಾದರೆ 150 ಲೀಟರಿನ ಫ್ರಿಜ್ ಸಾಕಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಗೆಳೆಯನ ಅಂಗಡಿಯ ಫ್ರಿಜ್ಜಿನ ಹಲಗೆ ಅಳೆದೆ, 50 ಸೆಂಟಿಮೀಟರ್ ಅಗಲ, 42 ಆಳ. ಅದೇ ಅಳತೆಗೆ ಹಳೆ ಪೇಪರ್ ಕತ್ತರಿಸಿ ನೆಲಕ್ಕೆ ಹಾಕಿ ಬಾಟಲಿ ನಿಲ್ಲಿಸಿದೆ. ಒಂದು ಲೀಟರಿನವು 30 ಹಿಡಿದವು, ಅರ್ಧ ಲೀಟರಿನವು 42, ಚಿಕ್ಕವು 56. ಆಮೇಲೆ ಬಾಟಲಿಯ ಎತ್ತರ, ಮೇಲೆ ಬೆರಳು ಹೋಗುವಷ್ಟು ಸಂದು. ಎಲ್ಲಾ ಕೂಡಿಸಿದರೆ ಐದು ಹಲಗೆ, ಕೆಳಗೆ ಪ್ಯಾಕೆಟ್ಟಿಗೆ ಒಂದು ತಟ್ಟೆ, ಒಳಗಿನ ಎತ್ತರ 138 ಸೆಂಟಿಮೀಟರ್ ಬೇಕು. ಅಂದರೆ ಲೇಬಲ್ಲಿನ ಲೀಟರ್ ಲೆಕ್ಕದಲ್ಲಿ 340. ಬಾಟಲಿ ದುಂಡಗಿರುತ್ತದೆ, ನಡುವೆ ಗಾಳಿ ಓಡಾಡಬೇಕು. ಹಾಗಾಗಿ ಪಾನೀಯದ ಲೀಟರ್ ಏನಿದೆಯೋ ಅದರ ಎರಡೂವರೆಯಿಂದ ಮೂರು ಪಟ್ಟು ಫ್ರಿಜ್ ಬೇಕು. ನೆಲದ ಮೇಲೆ ಪೇಪರ್ ಹಾಸಿ ಕಲಿತ ಈ ಲೆಕ್ಕವನ್ನು ಯಾವ ಮಾರಾಟಗಾರನೂ ನನಗೆ ಹೇಳಲಿಲ್ಲ.

ಎರಡನೇ ಅಳತೆ ಕರೆಂಟಿನದು. ಮಲ್ಟಿಮೀಟರ್ ಇತ್ತು. ಬೆಳಗ್ಗೆ 7ಕ್ಕೆ 225 ವೋಲ್ಟ್. ಮಧ್ಯಾಹ್ನ 205. ಸಂಜೆ 7ಕ್ಕೆ 171. ಒಂದು ದಿನ 163ಕ್ಕೂ ಇಳಿಯಿತು. ನಮ್ಮ ಅಂಗಡಿ ಓಣಿಯ ಕೊನೆಯ ಕಂಬಕ್ಕೆ ಸೇರಿದ್ದು. ಬೇಸಿಗೆ ಸಂಜೆ ಎಲ್ಲರ ಮನೆಯ ಕೂಲರ್ ಒಟ್ಟಿಗೆ ತಿರುಗತೊಡಗಿದರೆ ಇಷ್ಟೇ.

ಮೂರನೆಯದು ಬಿಸಿಲು. ಬಾಗಿಲ ಪಕ್ಕದ ಆ ಜಾಗಕ್ಕೆ ಮೂರೂವರೆಯಿಂದ ಐದೂವರೆ ತನಕ ನೇರ ಬಿಸಿಲು. ಹಳೆ ಫ್ರಿಜ್ ಅಲ್ಲಿ ಮೂರು ವರ್ಷ ಒದ್ದಾಡಿತ್ತು. ನಾವು ಗಮನಿಸಿಯೇ ಇರಲಿಲ್ಲ.

ಫೆಬ್ರವರಿ 22

ಮೂರು ಅಂಗಡಿ ಸುತ್ತಿದೆ. ಎಲ್ಲಾ ಕಡೆ ಒಂದೇ ಆಟ. ಖಾಲಿ ಫ್ರಿಜ್ ಚಾಲೂ ಮಾಡಿ, ಎಸಿ ರೂಮಿನಲ್ಲಿ ನಿಲ್ಲಿಸಿ, ಮೇಲಿನ ಕೆಂಪು ಅಂಕಿ ತೋರಿಸುತ್ತಾರೆ: "ನೋಡ್ರಿ ಸರ್, 2 ಡಿಗ್ರಿ!" ಎಸಿಯಲ್ಲಿ ಖಾಲಿ ನಿಂತ ಫ್ರಿಜ್ ತಣ್ಣಗಾಗದೆ ಇನ್ನೇನಾಗುತ್ತದೆ? ನನಗೆ ಬೇಕಿದ್ದದ್ದು 40 ಡಿಗ್ರಿ ಸೆಕೆಯಲ್ಲಿ, ತುಂಬಿದ ಹೊಟ್ಟೆಯಲ್ಲಿ, ನಿಮಿಷಕ್ಕೊಮ್ಮೆ ಬಾಗಿಲು ತೆಗೆದಾಗ ಏನಾಗುತ್ತದೆ ಅನ್ನುವುದು.

ಹಾಗಾಗಿ ಅಂಕಿ ಬಿಟ್ಟು ಹಿಂದಿನ ತಗಡಿನ ಪಟ್ಟಿ ಓದಿದೆ. ಅದರ ಫೋಟೋ ತೆಗೆಯಲು ಬಿಡದ ಅಂಗಡಿಯಿಂದ ಎದ್ದು ಬಂದೆ. ನಾನು ನೋಡಿದ್ದು ಇಷ್ಟು. ಹವಾಮಾನದ ವರ್ಗ 'ಟಿ' ಅಂತ ಇದೆಯಾ? ಅದು ಸುತ್ತಲಿನ ಸೆಕೆ 43 ಡಿಗ್ರಿ ತನಕ ಇರುವಲ್ಲಿಗೆ. 'ಎನ್' ಅಂದರೆ 32 ಡಿಗ್ರಿ ತನಕ, ಅದು ನಮ್ಮ ಊರಿಗೆ ಸಂಕ್ರಾಂತಿಗೆ ಮಾತ್ರ ಸರಿ. ಲೀಟರ್ ಗ್ರಾಸ್ (ಒಟ್ಟು) ಎಷ್ಟು, ನೆಟ್ (ನಿಜಕ್ಕೂ ಮಾಲು ಇಡಲು ಸಿಗುವುದು) ಎಷ್ಟು? ಒಂದರಲ್ಲಿ ದೊಡ್ಡದಾಗಿ 380 ಬರೆದು ಒಳಗೆ ನೆಟ್ 340 ಅಂತ ಇತ್ತು. ತಂಪು ಹರಡುವುದಕ್ಕೆ ಒಳಗೆ ಫ್ಯಾನ್ ಇದೆಯಾ? ಫ್ಯಾನ್ ಇಲ್ಲದ್ದರಲ್ಲಿ ಎಲ್ಲಾ ಹಲಗೆಗೂ ತಂಪು ಒಂದೇ ಸಮ ಮುಟ್ಟುವುದಿಲ್ಲ. ಗಾಜು ಎರಡು ಪದರದ್ದಾ? ಬಾಗಿಲು ಬಿಟ್ಟರೆ ತಾನೇ ಮುಚ್ಚುತ್ತದಾ? ಬೀಗ ಇದೆಯಾ?

ಗ್ಯಾಸ್ ಯಾವುದು ಅಂತಲೂ ನೋಡಿದೆ. ನಾನು ನೋಡಿದ ಹೊಸ ಮಾಡೆಲ್ಲುಗಳಲ್ಲಿ ಆರ್-600ಎ ಅಥವಾ ಆರ್-290 ಇತ್ತು. ಇವು ಅಡುಗೆ ಸಿಲಿಂಡರಿನ ಗ್ಯಾಸಿನ ಬಂಧುಗಳೇ, ಬೆಂಕಿ ಹತ್ತುವಂಥವು. ಒಳಗಿರುವುದು ಕೆಲವೇ ಗ್ರಾಂ, ನಾನು ಕೊಂಡದ್ದರಲ್ಲಿ 72. ಅದಕ್ಕೆ ಹೆದರುವುದು ಬೇಡ. ಆದರೆ ಕೆಟ್ಟಾಗ ಆ ಗ್ಯಾಸಿನ ಕೆಲಸ ಗೊತ್ತಿರುವವರೇ ಮುಟ್ಟಬೇಕು. ಭಾಯಿಗೆ ಫೋನ್ ಮಾಡಿ "ನಿಮಗೆ ಬರ್ತದಾ?" ಅಂತ ಮೊದಲೇ ಕೇಳಿಕೊಂಡೆ.

ಈ ದಿನ ಸಿಕ್ಕ ಒಳ್ಳೆ ಮಾತು ಫ್ರಿಜ್ ಅಂಗಡಿಯದ್ದಲ್ಲ, ನಮ್ಮ ರಸ್ತೆಯ ತುದಿಯ ಮದ್ಯದಂಗಡಿಯ ಅಣ್ಣನದ್ದು. ಬಿಯರ್ ತಣ್ಣಗಿಲ್ಲ ಅಂದರೆ ಅವರ ಗಿರಾಕಿ ಜಗಳಕ್ಕೇ ಬರುತ್ತಾನೆ. ಹಾಗಾಗಿ ಈ ವಿಷಯದಲ್ಲಿ ಅವರಷ್ಟು ಪೆಟ್ಟು ತಿಂದವರಿಲ್ಲ. ಅವರಲ್ಲಿ ಒಂದೇ ಅಳತೆಯ ಎರಡು ಫ್ರಿಜ್. "ದೊಡ್ಡದು ಒಂದು ತಗೋಬ್ಯಾಡ ತಮ್ಮಾ. ಒಂದು ತುಂಬೋ ಫ್ರಿಜ್, ಒಂದು ಮಾರೋ ಫ್ರಿಜ್. ರಾತ್ರಿ ಪೆಟ್ಟಿಗಿ ಎಲ್ಲಾ ಇದರಾಗ ಇಳಸ್ತೀನಿ, ನಾಳಿ ಅದರಾಗಿಂದ ಮಾರತೀನಿ. 650 ಎಂಎಲ್ ಬಾಟ್ಲಿ ಅಂದ್ರ ಸುಮ್ನ ಅಲ್ಲ, ತಣ್ಣಗ ಆಗಬೇಕಂದ್ರ ರಾತ್ರಿ ಪೂರ್ತಿ ಬೇಕು" ಅಂದರು. ತಲೆಯಾಡಿಸಿದೆ. ಎರಡಕ್ಕೆ ದುಡ್ಡಿಲ್ಲ ಅಂತ ಮನಸ್ಸಿನಲ್ಲೇ ತಳ್ಳಿಹಾಕಿದೆ. ಮೂರು ವಾರ ಬಿಟ್ಟು ಆ ಮಾತು ಹುಡುಕಿಕೊಂಡು ಬಂತು.

ಫೆಬ್ರವರಿ 25

ಶಿವರಾತ್ರಿಯ ಹಿಂದಿನ ದಿನ ಕೊಂಡೆ. ನೆಟ್ 340 ಲೀಟರ್, 'ಟಿ' ವರ್ಗ, ಅಗಲ 60, ಆಳ 64, ಎತ್ತರ 194 ಸೆಂಟಿಮೀಟರ್. 18 ಪರ್ಸೆಂಟ್ ಜಿಎಸ್‌ಟಿ ಸೇರಿ 37,500. ಬಿಲ್ ಬೇಡ ಅಂದರೆ 1,500 ಕಡಿಮೆ ಮಾಡುತ್ತೇನೆ ಅಂದರು. ಬಿಲ್ ಇಲ್ಲದೆ ಕಂಪ್ರೆಸರಿಗೆ, ಅಂದರೆ ಗ್ಯಾಸ್ ಒತ್ತುವ ಮೋಟಾರಿಗೆ, ಗ್ಯಾರಂಟಿ ಯಾರು ಕೊಡುತ್ತಾರೆ? ಬಿಲ್ ಹಾಕಿಸಿದೆ. ಆಟೋ ಮತ್ತು ಇಳಿಸುವ ಕೂಲಿ 800.

ಆಟೋದಲ್ಲಿ ಮಲಗಿಸಿಕೊಂಡು ಬಂದರು. ನಿಲ್ಲಿಸಿಯೇ ತನ್ನಿ ಅಂತ ಹೇಳುವುದು ಮರೆತಿದ್ದೆ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಇಳಿಯುತ್ತದೆ. ತಂದ ಹುಡುಗರು ಈಗಲೇ ಹಚ್ಚಿ ಅಂದರು. ನಾನು ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಹಾಗೇ ಬಿಟ್ಟೆ. ಈ ಒಂದು ವಿಷಯದಲ್ಲಿ ಆತುರ ಮಾಡಲಿಲ್ಲ.

ಆ ಸಂಜೆ ಎಲೆಕ್ಟ್ರಿಷಿಯನ್ ಅಣ್ಣ ಬಂದು ಮೀಟರ್ ಬೋರ್ಡಿನಿಂದ ಫ್ರಿಜ್‌ಗೇ ಅಂತ ಬೇರೆ ಲೈನ್ ಎಳೆದರು. 2.5 ಚದರ ಮಿಲಿಮೀಟರಿನ ವೈರು, 16 ಆಂಪಿಯರ್ ಸಾಕೆಟ್, ಲೋಡ್ ಜಾಸ್ತಿಯಾದರೆ ತಾನೇ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಒಂದು. ಕೂಲಿ ಸೇರಿ 2,150. ಹಳೆ ಫ್ರಿಜ್ ಇದ್ದದ್ದು ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ. ಅದರಲ್ಲೇ ತೂಕದ ಮಷಿನ್ನು, ಫೋನ್ ಚಾರ್ಜರು, ದೇವರ ಫೋಟೋದ ಲೈಟು. ಅಣ್ಣ ಆ ಬೋರ್ಡ್ ಬಿಚ್ಚಿ ತೋರಿಸಿದರು, ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಅರ್ತಿಂಗ್ ಕೂಡ ನೋಡಿಸಿದೆ. ಒದ್ದೆ ಕೈಯಲ್ಲಿ ಮಕ್ಕಳು ಮುಟ್ಟುವ ಕಬ್ಬಿಣದ ಡಬ್ಬಿ ಅದು. ಅಲ್ಲಿ ಉಳಿತಾಯ ಮಾಡಬಾರದು.

ವೋಲ್ಟೇಜ್ ಸಮ ಮಾಡುವ ಸ್ಟೆಬಿಲೈಜರಿನಲ್ಲಿ ಮಾತ್ರ ಉಳಿತಾಯ ಮಾಡಲು ಹೋದೆ. ಮನೆಯಲ್ಲಿ ಚಿಕ್ಕ ಫ್ರಿಜ್ಜಿನದು ಅರ್ಧ ಕೆವಿಎ ಸಾಮರ್ಥ್ಯದ್ದು ಸುಮ್ನೆ ಬಿದ್ದಿತ್ತು. ಹಚ್ಚಿದೆ. ಬೆಳಗ್ಗೆ ಚೆನ್ನಾಗಿತ್ತು. ಸಂಜೆ ವೋಲ್ಟೇಜ್ ಇಳಿದಾಗ ಕಂಪ್ರೆಸರ್ ಎದ್ದೇಳಲು ನೋಡುತ್ತದೆ, "ಊಂ" ಅನ್ನುತ್ತದೆ, ಟಕ್ ಅಂತ ಕಟ್ ಆಗುತ್ತದೆ. ಓಡುವಾಗ 1.6 ಆಂಪಿಯರ್ ಸಾಕು ಅಂತ ಪಟ್ಟಿಯಲ್ಲಿತ್ತು. ಆದರೆ ಎದ್ದೇಳುವ ಆ ಒಂದು ಕ್ಷಣ ಅದಕ್ಕೆ ಹಲವು ಪಟ್ಟು ಬೇಕು. ಹೀಗೇ ಬಿಟ್ಟರೆ ಕಂಪ್ರೆಸರೇ ಸುಡುತ್ತದೆ ಅಂತ ಭಾಯಿ ಫೋನಿನಲ್ಲೇ ಬೈದರು. ಮರುದಿನವೇ 1 ಕೆವಿಎದ್ದು, 140ರಿಂದ 280 ವೋಲ್ಟ್ ತನಕ ತಡೆಯುವುದು, ಕರೆಂಟ್ ಬಂದ ಮೇಲೆ 3 ನಿಮಿಷ ಕಾದು ಚಾಲೂ ಮಾಡುವುದು ತಂದೆ. 3,100.

ಮಾರ್ಚ್ 1

ಇಲ್ಲಿಯ ತನಕದ ತಪ್ಪಿಗೆಲ್ಲಾ ಗೊತ್ತಿಲ್ಲದ್ದೇ ಕಾರಣ ಅನ್ನಬಹುದು. ಇದು ಹಾಗಲ್ಲ, ಬರೀ ಶೋಕಿ.

ಫ್ರಿಜ್ ಒಂಟಿಯಾಗಿ ನಿಂತದ್ದು ಚೆನ್ನಾಗಿ ಕಾಣಲಿಲ್ಲ. ಬಡಗಿಯನ್ನು ಕರೆಸಿ ಸುತ್ತ ಪ್ಲೈವುಡ್ಡಿನ ಗೂಡು ಮಾಡಿಸಿದೆ. ಎರಡೂ ಕಡೆ ಬಿಸ್ಕತ್ತಿನ ಹಲಗೆ, ಮೇಲೆ ಚಿಪ್ಸ್ ಇಡಲು ಅಟ್ಟ. ಪಕ್ಕದಲ್ಲಿ ಬಿಟ್ಟ ಸಂದು ಎರಡು ಸೆಂಟಿಮೀಟರ್, ಹಿಂದೆ ಗೋಡೆಗೆ ಅಂಟಿಸಿದ ಹಾಗೆ. ಕೂಲಿ, ಮರ ಸೇರಿ 3,400. ನೋಡಿದವರೆಲ್ಲಾ "ಶೋರೂಮ್ ಆಗೈತಲ್ಲ" ಅಂದರು.

ಮಾರ್ಚ್ 2ಕ್ಕೆ ರಂಜಾನ್ ಉಪವಾಸ ಶುರು. ಮಾರ್ಚ್ 3ರ ಹೊತ್ತಿಗೆ ಕಂಪ್ರೆಸರ್ ನಿಲ್ಲುವುದನ್ನೇ ಬಿಟ್ಟಿತು. 24 ತಾಸೂ ಗುರ್ ಅಂತ ಸದ್ದು. ಒಳಗೆ 11 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ನಾನು ಮಾಡಿದ್ದೇನು? ತಂಪು ಹೆಚ್ಚು ಕಡಿಮೆ ಮಾಡುವ ಥರ್ಮೋಸ್ಟಾಟ್ ಇನ್ನೂ ಜೋರು ಮಾಡಿದೆ. ಅಂಗಡಿಯವನಿಗೆ ಫೋನ್ ಮಾಡಿ ಡಿಫೆಕ್ಟ್ ಪೀಸ್ ಕೊಟ್ಟಿದ್ದೀರಿ ಅಂತ ಕೂಗಾಡಿದೆ. ಅವರು ಕಳಿಸಿದ ಹುಡುಗ ಒಳಗೆ ಇಣುಕಲೂ ಇಲ್ಲ. ಫ್ರಿಜ್ಜಿನ ಹಿಂದೆ ಕೈ ಹಾಕಿದ, ಸುಟ್ಟುಕೊಂಡವನ ಹಾಗೆ ಹಿಂತೆಗೆದ. ನನ್ನ 250 ರೂಪಾಯಿಯ ಥರ್ಮಾಮೀಟರ್ ಅಲ್ಲಿ ಇಳಿಬಿಟ್ಟೆ: 54 ಡಿಗ್ರಿ. ಒಳಗಿನ ಬಿಸಿಯನ್ನು ತೆಗೆದು ಹಿಂದೆ ಬಿಸಾಡುವುದೇ ಫ್ರಿಜ್ಜಿನ ಕೆಲಸ. ಬಿಸಾಡಿದ ಬಿಸಿಗೆ ಹೊರಗೆ ಹೋಗಲು ನಾನು ದಾರಿಯೇ ಬಿಟ್ಟಿರಲಿಲ್ಲ. ಅದು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು.

ಮಾರ್ಚ್ 6ರಂದು ಗೂಡು ಒಡೆದೆ. ಅಪ್ಪನೇ ಸುತ್ತಿಗೆ ತಂದುಕೊಟ್ಟ. ಗೋಡೆಯಿಂದ 15 ಸೆಂಟಿಮೀಟರ್ ಮುಂದೆ, ಪಕ್ಕಕ್ಕೆ 10, ಮೇಲೆ ಪೂರ್ತಿ ಬಯಲು. ಬಾಗಿಲ ಪಕ್ಕದಿಂದ ಮೂರು ಅಡಿ ಒಳಗೆ ಸರಿಸಿದೆ. ಅಂಗಡಿಯ ಮುಂದೆ ಸುತ್ತಿ ಬಿಚ್ಚುವಂಥ ತಾಡಪತ್ರಿಯ ನೆರಳು ಕಟ್ಟಿಸಿದೆ, 1,250. ಮರುದಿನ ಬೆಳಗ್ಗೆ ಒಳಗೆ 5 ಡಿಗ್ರಿ, ಹಿಂದೆ 43. ಕಂಪ್ರೆಸರ್ ನಡುನಡುವೆ ನಿಂತು ಸುಧಾರಿಸಿಕೊಳ್ಳತೊಡಗಿತು. ಆ ಹುಡುಗನಿಗೆ ಫೋನ್ ಮಾಡಿ ತಪ್ಪಾಯ್ತಪ್ಪಾ ಅಂದೆ. ಪ್ಲೈವುಡ್ಡಿನ ಒಂದು ಹಲಗೆ ಈಗ ಅಕ್ಕಿ ಚೀಲದ ಕೆಳಗಿದೆ.

ಮಾರ್ಚ್ 8ರಿಂದ 15

ಇಲ್ಲಿ ನಿಜವಾದ ಪರೀಕ್ಷೆ. ನಮ್ಮ ಓಣಿಯಲ್ಲಿ ಸಂಜೆ ಆರೂವರೆ ಹೊತ್ತಿಗೆ ಉಪವಾಸ ಬಿಡುತ್ತಾರೆ. ಅದಕ್ಕೆ ಮುಂಚಿನ ಒಂದು ತಾಸು ನಮ್ಮಲ್ಲಿ ಜಾತ್ರೆ. ನೀರು, ಮಜ್ಜಿಗೆ, ಶರಬತ್ತಿಗೆ ಅಂತ ದೊಡ್ಡ ಬಾಟಲಿ. ಒಂದು ಸಂಜೆ ರಟ್ಟಿನ ಮೇಲೆ ಗೀಟು ಹಾಕುತ್ತಾ ಎಣಿಸಿದೆ. ಐದೂವರೆಯಿಂದ ಏಳರ ತನಕ ಬಾಗಿಲು ತೆರೆದದ್ದು 74 ಸಲ.

ಮೇಲಿನ ಅಂಕಿ 9 ತೋರಿಸುತ್ತಿತ್ತು. ಅದು ಗಾಳಿಯ ಲೆಕ್ಕ. ಬಾಟಲಿಯ ಲೆಕ್ಕ ಬೇರೆ. ಒಂದು ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಇನ್ನೊಂದು ಥರ್ಮಾಮೀಟರಿನ ತಂತಿ ಇಳಿಸಿ ಖಾಯಂ ಆಗಿ ಒಳಗಿಟ್ಟೆ. ಇಂಥದ್ದನ್ನು ಎಲ್ಲರೂ ಮಾಡಿಕೊಳ್ಳಬೇಕು. ಬಾಗಿಲು ತೆರೆದಾಗ ಮೇಲಿನ ಅಂಕಿ ಹಾರಾಡುತ್ತದೆ, ಬಾಟಲಿ ಅಂಕಿ ಸುಳ್ಳು ಹೇಳುವುದಿಲ್ಲ. ಏಳು ಗಂಟೆಗೆ ಆ ಬಾಟಲಿ 13 ಡಿಗ್ರಿ. "ಥಂಡಾ ಇಲ್ಲಲ್ಲಪ್ಪಾ" ಅಂತ ಗಿರಾಕಿ ಹೇಳಿದ್ದು ಸರಿಯಾಗಿಯೇ ಇತ್ತು.

ಫ್ರಿಜ್ ಸಣ್ಣದಾಯಿತಾ ಅಂತ ಒಂದು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ನಾವು ಮಾಡುತ್ತಿರುವುದನ್ನೇ ಗಮನಿಸಿದೆ. ಮಧ್ಯಾಹ್ನ ಮೂರಕ್ಕೆ ನೀರಿನ ಗಾಡಿ ಬರುತ್ತದೆ. ನಾವು ಆಗಲೇ 38 ಡಿಗ್ರಿ ಬಿಸಿಯ ನಾಲ್ಕು ಬಾಕ್ಸ್ ನೀರನ್ನು ಫ್ರಿಜ್ಜಿಗೆ ಸುರಿಯುತ್ತಿದ್ದೆವು, ರಶ್ಶಿಗೆ ಎರಡು ತಾಸು ಮೊದಲು. ಬಿಸಿ ಬಾಟಲಿ ತಣ್ಣಗಾಗಲಿಲ್ಲ, ತಣ್ಣಗಿದ್ದದ್ದೂ ಬಿಸಿಯಾಯಿತು. ತುಂಬೋ ಫ್ರಿಜ್, ಮಾರೋ ಫ್ರಿಜ್! ಮದ್ಯದಂಗಡಿಯ ಅಣ್ಣ ಹೇಳಿದ್ದು ಇದನ್ನೇ.

ಎರಡನೇ ಫ್ರಿಜ್ ಕೊಳ್ಳಲಿಲ್ಲ. ಮನೆಯಲ್ಲಿ 190 ಲೀಟರಿನ ಹಳೆಯದಿತ್ತು, ಅವ್ವ ಅದರಲ್ಲಿ ಹಿಟ್ಟು, ಹುಣಸೆಹಣ್ಣು ಇಟ್ಟುಕೊಂಡಿದ್ದಳು. ಅವಳನ್ನು ಒಪ್ಪಿಸುವುದು ಫ್ರಿಜ್ ಅಂಗಡಿಯವನ ಹತ್ತಿರ ಚೌಕಾಸಿ ಮಾಡುವುದಕ್ಕಿಂತ ಕಷ್ಟವಾಯಿತು. ಅದನ್ನು ಅಂಗಡಿಯ ಹಿಂದಿನ ಕೋಣೆಗೆ ತಂದೆ. ಈಗ ಕ್ರಮ ಹೀಗಿದೆ. ರಾತ್ರಿ ಒಂಬತ್ತೂವರೆಗೆ ಅಂಗಡಿ ಮುಚ್ಚುವಾಗ ಮುಂದಿನ ಫ್ರಿಜ್ ತುಂಬುವುದು. ಮಧ್ಯಾಹ್ನದ ಮಾಲು ಹಿಂದಿನದಕ್ಕೆ. ಸಂಜೆ ಮುಂದೆ ಖಾಲಿಯಾದ ಜಾಗಕ್ಕೆ ಹಿಂದಿನದರಿಂದ, ಬೆಳಗ್ಗೆಯಿಂದ ತಣ್ಣಗಾದದ್ದು ಮಾತ್ರ. ರಾತ್ರಿ 36 ಡಿಗ್ರಿಯಲ್ಲಿ ಇಟ್ಟ ಬಾಟಲಿ ಬೆಳಗ್ಗೆ 7ಕ್ಕೆ 6 ಡಿಗ್ರಿಗೆ ಬಂದಿರುತ್ತದೆ.

ಇನ್ನೆರಡು ಸಣ್ಣ ಕೆಲಸ. ಜನ ಬಾಗಿಲು ತೆರೆದು ನಿಂತು ರೇಟು ಕೇಳುತ್ತಾ ಯೋಚಿಸುತ್ತಿದ್ದರು. ಗಾಜಿನ ಮೇಲೆ ಹೊರಗಿನಿಂದಲೇ ಪ್ರತಿ ಹಲಗೆಗೂ ರೇಟಿನ ಚೀಟಿ ಅಂಟಿಸಿದೆ, ಮುಚ್ಚಿದ ಬಾಗಿಲ ಎದುರಿಗೇ ತೀರ್ಮಾನ ಮಾಡುತ್ತಾರೆ. ಬಾಗಿಲು ಪೂರ್ತಿ ಮುಚ್ಚದೆ ಬೆರಳಷ್ಟು ನಿಲ್ಲುತ್ತಿತ್ತು. ಮುಂದಿನ ಎರಡು ಕಾಲಿನ ಸ್ಕ್ರೂ ತಿರುಗಿಸಿ ಅರ್ಧ ಸೆಂಟಿಮೀಟರ್ ಎತ್ತರಿಸಿದೆ, ಫ್ರಿಜ್ ಸ್ವಲ್ಪ ಹಿಂದಕ್ಕೆ ವಾಲಿತು, ಬಾಗಿಲು ತಾನೇ ಹೋಗಿ ಕೂರುತ್ತದೆ. ಖರ್ಚು ಸೊನ್ನೆ. ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ಈದ್. ಎರಡು ದಿನ ಸೇರಿ ಬಂದ ಆ ರಶ್ಶಿನಲ್ಲಿ ಬಾಟಲಿ ಅಂಕಿ 8 ದಾಟಲಿಲ್ಲ.

ಏಪ್ರಿಲ್ 9

ಬೆಳಗ್ಗೆ ಬಂದಾಗ ಒಳಗಿನ ಫ್ಯಾನಿನ ಸದ್ದು ಬೇರೆ ಥರ. ಮೇಲಿನ ಹಲಗೆಯ ಮಜ್ಜಿಗೆ ಕಲ್ಲು, ಕೆಳಗಿನ ನೀರು ಬೆಚ್ಚಗೆ. ಹಿಂದಿನ ಗೋಡೆಯ ಜಾಲರಿ ತುಂಬ ಹಿಮ. ಎರಡು ತಪ್ಪು ಸೇರಿದ್ದವು. ಗೂಡಿನ ಕಾಲದಲ್ಲಿ ಜೋರು ಮಾಡಿದ್ದ ಥರ್ಮೋಸ್ಟಾಟನ್ನು ಇಳಿಸಿಯೇ ಇರಲಿಲ್ಲ. ಮತ್ತೆ ನಮ್ಮ ಹುಡುಗ ಇನ್ನೂ ನಾಲ್ಕು ಹಿಡಿಯಲಿ ಅಂತ ಬಾಟಲಿಗಳನ್ನು ಹಿಂದಿನ ಗೋಡೆಗೆ ಒತ್ತಿ ಇಟ್ಟಿದ್ದ. ಗಾಳಿಗೆ ದಾರಿ ಇಲ್ಲ.

ಹಿಮ ಕೆರೆದು ತೆಗೆಯೋಣ ಅಂತ ಸ್ಕ್ರೂಡ್ರೈವರ್ ಎತ್ತಿದೆ. ಅಪ್ಪ ಕೈ ಹಿಡಿದ. "ಆ ಬಾರಿನ ಫ್ರಿಜ್ ಪೈಪ್ ನೆನಪೈತಿಲ್ಲೋ?" ನಿಜ, ಆ ಜಾಲರಿಯ ಹಿಂದೆ ಇರುವುದು ತೆಳು ಪೈಪು. ಚುಚ್ಚಿದರೆ ಗ್ಯಾಸ್ ಹೋಯಿತು, ಗ್ಯಾರಂಟಿಯೂ ಹೋಯಿತು. ಸ್ವಿಚ್ ತೆಗೆದು, ಬಾಗಿಲು ತೆರೆದು, ಕೆಳಗೆ ಗೋಣಿಚೀಲ ಹಾಸಿ ಟೇಬಲ್ ಫ್ಯಾನ್ ಇಟ್ಟೆವು. ಆರು ತಾಸು. ಆ ದಿನದ ವ್ಯಾಪಾರ ಹಿಂದಿನ ಕೋಣೆಯ ಹಳೆ ಫ್ರಿಜ್ಜಿನಿಂದ ಅರ್ಧಂಬರ್ಧ ನಡೆಯಿತು. ಈಗ ಪ್ರತಿ ಹಲಗೆಯ ಹಿಂದೆ ಐದು ಸೆಂಟಿಮೀಟರ್ ಬಿಟ್ಟು ಅಡ್ಡ ತಂತಿ ಕಟ್ಟಿದ್ದೇನೆ. ಅದಕ್ಕಿಂತ ಹಿಂದೆ ಬಾಟಲಿ ಹೋಗುವುದೇ ಇಲ್ಲ.

ಏಪ್ರಿಲ್ 20ರಿಂದ ಮೇ 10

ಪ್ಲಗ್ಗಿಗೆ ಹಾಕುವ ಯೂನಿಟ್ ಮೀಟರ್ ತಂದೆ, 850. ಮೊದಲ ವಾರ ದಿನಕ್ಕೆ 4.2 ಯೂನಿಟ್. ಮೇ ಮೊದಲ ವಾರ 5.3 ಆಯಿತು. ಸೆಕೆ ಜಾಸ್ತಿಯಾದದ್ದಕ್ಕೆ ಅಂತ ಬಿಟ್ಟುಬಿಡುತ್ತಿದ್ದೆ. ಒಳಗೆ ಧೂಳು ಕೂರುತ್ತದೆ ಅಂತ ಭಾಯಿ ಹೇಳಿದ್ದು ನೆನಪಾಗಿ ಕೆಳಗಿನ ಜಾಲರಿಯ ಸ್ಕ್ರೂ ಬಿಚ್ಚಿದೆ. ಬಿಸಿ ಹೊರಗೆ ಹಾಕುವ ಕಂಡೆನ್ಸರಿನ ಮೇಲೆ ಕಂಬಳಿ ಹೊದಿಸಿದ ಹಾಗೆ ಧೂಳು, ಅದರೊಳಗೆ ಹತ್ತಿಯ ನಾರು. ಹತ್ತಿ ಗಾಡಿಗಳು ಓಡಾಡುವ ಊರು ನಮ್ಮದು. ಗಾಳಿ ಎಳೆಯುವ ಎಲ್ಲದಕ್ಕೂ ಹತ್ತಿ ಅಂಟುತ್ತದೆ. ಪ್ಲಗ್ ತೆಗೆದು, ಬಣ್ಣ ಬಳಿಯುವ ಹಳೆ ಬ್ರಷ್ಷಿನಿಂದ ರೆಕ್ಕೆಗಳು ಮಡಚದ ಹಾಗೆ ಮೇಲಿನಿಂದ ಕೆಳಕ್ಕೆ ತೆಗೆದೆ. 20 ನಿಮಿಷದ ಕೆಲಸ. ಮರುದಿನ 4.3. ರಾತ್ರಿ ಒಳಗಿನ ಲೈಟ್ ಆರಿಸತೊಡಗಿದ ಮೇಲೆ 4. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 960. ಹದಿನೈದು ದಿನಕ್ಕೊಮ್ಮೆ ಅಮಾವಾಸ್ಯೆ, ಹುಣ್ಣಿಮೆಗೆ ಬ್ರಷ್ ಹಾಕುವುದು ಅಂತ ಮಾಡಿಕೊಂಡಿದ್ದೇನೆ. ತಾರೀಖು ಮರೆಯುತ್ತದೆ, ಅಮಾವಾಸ್ಯೆಯನ್ನು ಅವ್ವ ಮರೆಯುವುದಿಲ್ಲ.

ಒಟ್ಟು ಖರ್ಚು: ಫ್ರಿಜ್ 37,500, ಸಾಗಣೆ 800, ವೈರಿಂಗ್ 2,150, ಸ್ಟೆಬಿಲೈಜರ್ 3,100, ಗೂಡು 3,400, ನೆರಳು 1,250, ಎರಡು ಥರ್ಮಾಮೀಟರ್ 500, ಯೂನಿಟ್ ಮೀಟರ್ 850. ಕೂಡಿಸಿದರೆ 49,550. ಬಾರಿನ ಫ್ರಿಜ್ಜಿನ ನಷ್ಟ ಸೇರಿಸಿ 57,650. ಇದರಲ್ಲಿ 11,500 ನನ್ನ ದಡ್ಡತನದ್ದು.

ಜೂನ್ 8

ಮಳೆ ಬಿದ್ದಿದೆ. ಸೆಕೆ ಇಳಿದು ಗಾಳಿಯಲ್ಲಿ ಪಸೆ ಬಂದಿದೆ. ಗಾಜು ಹೊರಗಿನಿಂದ ಬೆವರುತ್ತಿದೆ, ರೇಟಿನ ಚೀಟಿಗಳು ಉದುರುತ್ತಿವೆ. ಥರ್ಮೋಸ್ಟಾಟ್ ಎರಡು ಡಿಗ್ರಿ ಏರಿಸಿದ ಮೇಲೆ ಬೆವರು ಕಡಿಮೆಯಾಯಿತು, ಆದರೆ ಕೆಳಗಿನ ಬಲ ಮೂಲೆಯಲ್ಲಿ ಮಾತ್ರ ನೀರು ಇಳಿಯುವುದು ನಿಂತಿಲ್ಲ. ಬಾಗಿಲ ಸುತ್ತಲಿನ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದು ನೋಡಿದೆ. ಎಲ್ಲಾ ಕಡೆ ಬಿಗಿಯಾಗಿ ಹಿಡಿಯುತ್ತದೆ, ಆ ಮೂಲೆಯಲ್ಲಿ ಜಾರಿ ಕೈಗೆ ಬರುತ್ತದೆ. ಬಿಸಿನೀರಿನ ಬಟ್ಟೆ ಒತ್ತಿದರೆ ರಬ್ಬರ್ ಮತ್ತೆ ಉಬ್ಬುತ್ತದಂತೆ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಆ ಕೆಲಸ ಇದೆ.